ಕೆರೆ ಪಕ್ಕದ ಗುಂಡುತೋಪಿಗೆ ‘ಲೇಕ್ ವ್ಯೂ’ ಬರುತ್ತಿದೆ, ತಡೆಯೋದು ಹೇಗೆ?

ರೇಷ್ಮೆನೂಲು (ಶಿಡ್ಲಘಟ್ಟ ತಾಲೂಕು)

ನಮಸ್ಕಾರ. ಸರ್ವೆ, ಕಂದಾಯ, ಕೋರ್ಟು ಇವೆಲ್ಲ ಗೊತ್ತಿರುವವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ. ಉದ್ದ ಜಾಸ್ತಿ ಆಗಿದೆ, ಏನು ಮಾಡಲಿ.

ನಮ್ಮದು ಶಿಡ್ಲಘಟ್ಟ ತಾಲೂಕಿನ ಒಂದು ಹಳ್ಳಿ. ಊರ ಹೆಸರು ಹಾಕುವುದಿಲ್ಲ, ಈಗಾಗಲೇ ಮನೆ ಮನೆಯಲ್ಲೂ ಜಗಳ ಹತ್ತಿದೆ. ಊರಿಗೆ ಒಂದು ಕೆರೆ. ಏರಿಯ ಈ ತುದಿಗೆ ಗಂಗಮ್ಮನ ಗುಡಿ, ಆ ತುದಿಗೆ ಕೋಡಿ. ಗುಡಿ ಪಕ್ಕದಿಂದ ಡಾಂಬರು ರಸ್ತೆವರೆಗೆ ಗುಂಡುತೋಪು, ಅಂದರೆ ಊರವರೆಲ್ಲ ಬಳಸುವ ಮರಗಳ ತೋಪು. ಹುಣಸೆ ಮರಗಳೇ ಜಾಸ್ತಿ, ಮಧ್ಯೆ ಮಧ್ಯೆ ಹೊಂಗೆ, ನೇರಳೆ. ನೀರಿನ ಕಡೆಗೆ ದೊಡ್ಡ ದೊಡ್ಡ ಕಲ್ಲು ಚಪ್ಪಡಿಗಳಿವೆ. ಬಟ್ಟೆ ಒಗೆಯಲು ಹಿಂದಿನವರು ಹಾಕಿಸಿದ್ದು. ಈಗ ಅವೇ ನಮ್ಮ ಬೆಂಚು.

ನಾನು ರೇಷ್ಮೆ ನೂಲು ತೆಗೆಯುವ ರೀಲಿಂಗ್ ಘಟಕದಲ್ಲಿ ಕೆಲಸ ಮಾಡುವವಳು. ಬೆಳಗ್ಗೆಯಿಂದ ಬಿಸಿನೀರಿನ ಬೇಸಿನ್ ಮುಂದೆ ಕೂತು ಬೆಂದ ಗೂಡಿನಿಂದ ಎಳೆ ಹುಡುಕಿ ಎತ್ತಿಕೊಡಬೇಕು. ಸಂಜೆ ಹೊತ್ತಿಗೆ ಬೆರಳ ತುದಿ ಬಿಳಿಚಿಕೊಂಡು ಸುಕ್ಕಾಗಿರುತ್ತೆ. ಆವಿ, ಒಲೆ ಹೊಗೆ, ಬೆಂದ ಹುಳದ ವಾಸನೆ. ಆ ವಾಸನೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ, ಗೊತ್ತಿಲ್ಲದವರಿಗೆ ಹೇಳಿದರೂ ಅರ್ಥ ಆಗುವುದಿಲ್ಲ. ಕೆಲಸ ಬಿಟ್ಟ ಮೇಲೆ ನಾವು ಹೆಂಗಸರು ಸೀದಾ ಮನೆಗೆ ಹೋಗಲ್ಲ. ತೋಪಿಗೆ ಹೋಗಿ ಚಪ್ಪಡಿ ಮೇಲೆ ಕಾಲು ಚಾಚಿ ಕೂರುತ್ತೇವೆ. ನೀರ ಮೇಲಿಂದ ಗಾಳಿ ಬೀಸಿ ಮೂಗಲ್ಲಿ ಕೂತ ವಾಸನೆ ಬಿಡಬೇಕು. ಗೂಡಿನ ರೇಟು, ಸಂಘದ ಕಂತು, ಅತ್ತೆ, ನಾದಿನಿ, ಎಲ್ಲಾ ಮಾತೂ ಅಲ್ಲೇ. ಗಂಡಸರಿಗೆ ಟೀ ಅಂಗಡಿ ಇದೆ, ಅರಳಿಕಟ್ಟೆ ಇದೆ. ಊರಲ್ಲಿ ನಾವು ಸುಮ್ನೆ ಕೂತರೂ ಯಾರೂ ಯಾಕೆ ಅಂತ ಕೇಳದ ಜಾಗ ಇದೊಂದೇ.

ಹುಡುಗರು ಅಲ್ಲೇ ವಾಲಿಬಾಲ್ ನೆಟ್ ಕಟ್ಟುತ್ತಾರೆ. ಸಂಕ್ರಾಂತಿಗೆ ದನ ಕಿಚ್ಚು ಹಾಯಿಸುವುದು ಅಲ್ಲೇ. ಬಡವರ ಮನೆ ಬೀಗರೂಟ ನೆರಳಲ್ಲೇ ಆಗುತ್ತೆ, ಕಲ್ಯಾಣಮಂಟಪದ ಬಾಡಿಗೆ ಉಳಿಯುತ್ತೆ. ಪೇಟೆಯವರು ರಜೆ ಬಂದರೆ ಸಮುದ್ರಕ್ಕೆ ಹೋಗುತ್ತಾರೆ. ನಾವು ಸಮುದ್ರ ನೋಡಿದ್ದು ಶಾಲೆ ಟೂರಿನಲ್ಲಿ ಮುರುಡೇಶ್ವರಕ್ಕೆ ಹೋದಾಗ. ನಮಗೆ ಗೊತ್ತಿರುವ ದಡ ಅಂದರೆ ಇದೇ.

ಈಗ ವಿಷಯಕ್ಕೆ ಬರುತ್ತೇನೆ. ಕೆರೆ ಎಷ್ಟೋ ವರ್ಷ ಬರೀ ಜಾಲಿ ಮುಳ್ಳಿನ ಕಾಡಾಗಿತ್ತು. ಆಗ ಯಾರೂ ಈ ಕಡೆ ತಲೆ ಹಾಕಲಿಲ್ಲ. 2021ರ ನವೆಂಬರ್ ಮಳೆಗೆ ತುಂಬಿ ಕೋಡಿ ಹೋಯಿತು. ಜಿಲ್ಲೆಯ ಬೇರೆ ಕೆರೆಗಳಿಗೆ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯಿಂದ ಶುದ್ಧ ಮಾಡಿದ ಪೈಪಿನ ನೀರೂ ಬರುತ್ತಿದೆ. ನೀರು ನಿಂತಿತು ನೋಡಿ, ಕಾರುಗಳು ಬರಲು ಶುರುವಾದವು. ಇಳಿಯುವುದು, ನೀರಿನ ಕಡೆ ಕೈ ತೋರಿಸಿ ಮಾತಾಡುವುದು, ಫೋಟೋ ಹೊಡೆಯುವುದು, ಹೋಗುವುದು. ಆಮೇಲೆ ಗೊತ್ತಾಗಿದ್ದು, ತೋಪನ್ನು ಯಾರಿಗೋ ಗುತ್ತಿಗೆಗೆ ಕೊಟ್ಟು ‘ಲೇಕ್ ವ್ಯೂ ಉದ್ಯಾನ’ ಮಾಡಿಸುತ್ತಾರಂತೆ. ಫುಡ್ ಕೋರ್ಟು, ಪೆಡಲ್ ಬೋಟು, ಕಾರ್ ಪಾರ್ಕಿಂಗ್, ಗೇಟು, ಟಿಕೆಟ್ಟು. ಸುತ್ತಲೂ ತಂತಿಬೇಲಿಗೆ ಕಲ್ಲು ಕಂಬ ತಂದು ರಾಶಿ ಹಾಕಿದ್ದಾರೆ. ಎರಡು ಹುಣಸೆ ಮರದ ಬುಡಕ್ಕೆ ಕೆಂಪು ಬಣ್ಣದಲ್ಲಿ ನಂಬರ್ ಬರೆದಿದ್ದಾರೆ.

ಕೇಳಿದರೆ ‘ನಿಮ್ಮ ಊರಿಗೇ ಒಳ್ಳೆಯದು, ಊರವರಿಗೆ ಟಿಕೆಟ್ ಇರಲ್ಲ’ ಅನ್ನುತ್ತಾರೆ. ಕಾಗದ ತೋರಿಸಿ ಅಂದರೆ ‘ಮೇಲಿಂದ ಆಗಿದೆ’ ಅನ್ನುತ್ತಾರೆ. ಮೇಲೆ ಅಂದರೆ ಎಲ್ಲಿ?

ನನ್ನ ಪ್ರಶ್ನೆ ಇಷ್ಟೇ. ಇದು ಯಾರ ಜಾಗ ಅಂತ ನಾವೇ ಹೇಗೆ ಪತ್ತೆ ಮಾಡುವುದು? ಕೆರೆ ಪಕ್ಕ ಹೀಗೆ ಕಟ್ಟಲು ಬರುತ್ತಾ? ಮನವಿ ಯಾರಿಗೆ ಕೊಡಬೇಕು? ಪಿಯುಸಿವರೆಗೆ ಓದಿದ್ದೇನೆ, ಅರ್ಜಿ ನಾನೇ ಬರೆಯುತ್ತೇನೆ. ಏನು ಬರೆಯಬೇಕು ಅಂತ ಹೇಳಿ ಸಾಕು.

ಹಳೇಚೈನು (ಕೋಲಾರ)

ನೋಡಮ್ಮ, ನಾನು ಸರ್ವೆ ಇಲಾಖೆಯಲ್ಲಿ ಅಳತೆ ಚೈನು ಎಳೆಸಿ ರಿಟೈರ್ ಆದವನು. ಗಾಳಿ, ನೆರಳು, ಸಂಜೆ ಮಾತು ಎಲ್ಲ ನಿಜ. ಆದರೆ ಅದನ್ನೆಲ್ಲ ಅರ್ಜಿಯ ಮೊದಲನೇ ಪುಟದಲ್ಲಿ ಬರೆದರೆ ಆಫೀಸಿನಲ್ಲಿ ಯಾರೂ ಎರಡನೇ ಪುಟ ತಿರುಗಿಸುವುದಿಲ್ಲ. ಮೊದಲು ಸರ್ವೆ ನಂಬರ್.

ಫೋನಿನಲ್ಲಿ ದಿಶಾಂಕ್ ಆಪ್ ಹಾಕಿಕೊಂಡು ತೋಪಿನ ನಡುವೆ ನಿಂತು ತೆರೆಯಿರಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಚಪ್ಪಡಿ ಹತ್ತಿರ, ಗುಡಿ ಹತ್ತಿರ, ಕಂಬ ರಾಶಿ ಹಾಕಿರುವ ಕಡೆ, ಮೂರೂ ಕಡೆ ನೋಡಿ. ಬೇರೆ ಬೇರೆ ನಂಬರ್ ಬಂದರೂ ಬರಬಹುದು. ಹಾಗೆ ಬಂದರೆ ಅದೇ ದೊಡ್ಡ ಸುಳಿವು, ಯಾಕೆಂದರೆ ಒಂದು ನಂಬರಿಗೆ ಅನುಮತಿ ತಗೊಂಡು ಪಕ್ಕದ ನಂಬರಿಗೆ ಬೇಲಿ ಹಾಕುವುದು ನಮ್ಮ ಜಿಲ್ಲೆಗಳಲ್ಲಿ ಹೊಸದೇನಲ್ಲ. ಆಪ್ ನಂಬಿ ಜಗಳಕ್ಕೆ ಮಾತ್ರ ಹೋಗಬೇಡಿ. ಅದರ ಗೆರೆ ಹತ್ತಾರು ಅಡಿ ಆಚೀಚೆ ಆಗುತ್ತದೆ. ನಂಬರ್ ತಿಳಿಯಲು ಸಾಕು, ಗಡಿ ತಿಳಿಯಲು ಸಾಲದು.

ನಂಬರ್ ಸಿಕ್ಕಿದ ಮೇಲೆ ಪಹಣಿ (ಜಮೀನು ಯಾರ ಹೆಸರಲ್ಲಿದೆ ಅಂತ ತೋರಿಸುವ ಕಂದಾಯ ದಾಖಲೆ) ತೆಗೆಸಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ‘ಸರ್ಕಾರಿ ಗುಂಡುತೋಪು’ ಅಂತ ಇದ್ದರೆ ಅರ್ಧ ಕೆಲಸ ಆಯಿತು. 11ನೇ ಕಾಲಂನಲ್ಲಿ ಗುತ್ತಿಗೆ, ಆದೇಶ ಏನಾದರೂ ಹೊಸದಾಗಿ ಸೇರಿಸಿದ್ದಾರಾ ಅದನ್ನೂ ನೋಡಿ. 3ನೇ ಕಾಲಂನಲ್ಲಿ ಖರಾಬು ಇರುತ್ತದೆ. ‘ಎ’ ಖರಾಬು ಅಂದರೆ ಬಂಡೆಯಂಥ ಸಾಗುವಳಿಗೆ ಬಾರದ ಜಾಗ, ಅದು ಹಿಡುವಳಿದಾರನ ಜೊತೆಗೇ ಹೋಗುತ್ತದೆ. ‘ಬಿ’ ಖರಾಬು ಅಂದರೆ ದಾರಿ, ಕೆರೆ, ಹಳ್ಳ, ಸ್ಮಶಾನ, ಸಾರ್ವಜನಿಕರ ಜಾಗ. ಅದು ಯಾರ ಸ್ವಂತದ್ದೂ ಆಗುವುದಿಲ್ಲ. 1966ರ ಭೂ ಕಂದಾಯ ನಿಯಮಗಳ 21(2)ರಲ್ಲಿ ಇದು ಇದೆ. ಅರ್ಜಿಯಲ್ಲಿ ಈ ನಂಬರ್ ಬರೆಯಿರಿ, ಓದುವವನು ಸ್ವಲ್ಪ ನೆಟ್ಟಗೆ ಕೂರುತ್ತಾನೆ.

ಪಹಣಿ ಒಂದೇ ಸಾಕಾಗುವುದಿಲ್ಲ. ಅದು ಕಂಪ್ಯೂಟರಿಗೆ ಏರಿದಾಗ ಎಷ್ಟೋ ಕಡೆ ಗುಂಡುತೋಪು ಬರೀ ‘ಸರ್ಕಾರಿ’ ಆಗಿದೆ. ಹಾಗಾಗಿ ಆಕಾರಬಂದ್ (ನಂಬರಿನ ವಿಸ್ತೀರ್ಣದ ದಾಖಲೆ), ಮೂಲ ಟಿಪ್ಪಣಿ (ಮೊದಲ ಸರ್ವೆಯ ಅಳತೆ ನಕ್ಷೆ), ಗ್ರಾಮ ನಕ್ಷೆ ಮೂರರ ದೃಢೀಕೃತ ನಕಲು ತಗೊಳ್ಳಿ. ಹಳೇ ಗ್ರಾಮ ನಕ್ಷೆಯಲ್ಲಿ ತೋಪು ಇದ್ದರೆ ಮರದ ಗುರುತೇ ಹಾಕಿರುತ್ತಾರೆ. ಅದನ್ನು ನೋಡಿದ ಯಾವ ಅಧಿಕಾರಿಯೂ ‘ಇಲ್ಲಿ ತೋಪೇ ಇರಲಿಲ್ಲ’ ಅನ್ನಲಾರ.

ಇನ್ನೊಂದು ಕಾಗದ ಹೇಳುತ್ತೇನೆ. ಇದನ್ನು ವಕೀಲರು ಕೂಡ ಕೇಳುವುದು ಕಮ್ಮಿ. ತೋಪಿನ ಹುಣಸೆ ಫಸಲನ್ನು ಪಂಚಾಯಿತಿಯವರು ವರ್ಷ ವರ್ಷ ಹರಾಜು ಹಾಕುತ್ತಾರೆ ಅಲ್ವಾ? ಆ ಹರಾಜಿನ ಪುಸ್ತಕ, ರಸೀತಿ, ನಡಾವಳಿ (ತೀರ್ಮಾನ ಬರೆದ ಕಾಗದ) ಎಲ್ಲ ಇರುತ್ತೆ. ಯಾರು ಎಷ್ಟಕ್ಕೆ ಹಿಡಿದರು, ಯಾವ ತೋಪು, ಎಷ್ಟು ಮರ ಅಂತ ಬರೆದಿರುತ್ತಾರೆ. ಇದು ಸಾರ್ವಜನಿಕ ತೋಪು ಅಂತ ಅವರ ಕೈಬರಹದಲ್ಲೇ ಸಾಕ್ಷಿ. ಊರಲ್ಲಿ ಹಿಂದೆ ಫಸಲು ಹಿಡಿದವರ ಮನೆಯಲ್ಲಿ ಹಳೇ ರಸೀತಿ ಸಿಕ್ಕಿದರೆ ಇನ್ನೂ ಒಳ್ಳೆಯದು. ಟ್ರಂಕು ಹುಡುಕಿಸಿ.

ಗುತ್ತಿಗೆ ಕಾಗದ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನೀವು ಮೇಲೆ ಬರೆದಷ್ಟು ಬರೆದರೆ ವಾಪಸ್ ಬರುತ್ತದೆ, ಬೇಜಾರು ಮಾಡ್ಕೋಬೇಡಿ. ಗುತ್ತಿಗೆ ನಡಾವಳಿಗೆ ಒಂದು ಅರ್ಜಿ, ಮರ ಕಡಿಯುವ ಅನುಮತಿಗೆ ಅರಣ್ಯ ಇಲಾಖೆಗೆ ಇನ್ನೊಂದು. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿ. ‘ಯಾಕೆ ಕೊಟ್ಟಿರಿ’ ಅಂತ ಕೇಳಬೇಡಿ, ಯಾಕೆ ಅನ್ನುವುದಕ್ಕೆ ಅವರ ಹತ್ತಿರ ಫೈಲ್ ಇರುವುದಿಲ್ಲ. ‘ಇಂಥ ನಂಬರಿನ ನಡಾವಳಿಯ ಪ್ರತಿ ಕೊಡಿ’ ಅಂತ ಕೇಳಿ.

ಕೆರೆ ಪಕ್ಕ ಕಟ್ಟಬಹುದಾ ಅಂತ ಕೇಳಿದಿರಿ. ಇದರಲ್ಲಿ ಜನ ತುಂಬಾ ಗೊಂದಲ ಮಾಡಿಕೊಳ್ಳುತ್ತಾರೆ. ‘75 ಮೀಟರ್ ಬಿಡಬೇಕು’ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ ಹೇಳಿದ್ದು, 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಿಮಗೆ ಬೇಕಾದ್ದು 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ. ಅದರಲ್ಲಿ 30 ಮೀಟರ್ ಇತ್ತು. ಕೆರೆಯ ವಿಸ್ತೀರ್ಣಕ್ಕೆ ತಕ್ಕ ಹಾಗೆ ಇದನ್ನು ಕಮ್ಮಿ ಮಾಡುವ ತಿದ್ದುಪಡಿ ಮಸೂದೆ 2025ರಲ್ಲಿ ಬಂದಿದೆ. ಅರ್ಜಿ ಕೊಡುವ ದಿನ ಯಾವುದು ಜಾರಿಯಲ್ಲಿದೆ ಅಂತ ವಕೀಲರ ಹತ್ತಿರ ಕೇಳಿಕೊಂಡೇ ಮೀಟರ್ ಲೆಕ್ಕ ಬರೆಯಿರಿ. ಹಾಗೇ 2017ರ ಜೌಗು ಪ್ರದೇಶದ ನಿಯಮ ಹಿಡಿದು ಹೋಗಬೇಡಿ. ನೀರಾವರಿಗೆ, ಕುಡಿಯುವ ನೀರಿಗೆ ಅಂತ ಮನುಷ್ಯರು ಕಟ್ಟಿದ ಕೆರೆಗಳನ್ನು ಅದರಿಂದ ಹೊರಗೆ ಇಟ್ಟಿದ್ದಾರೆ. ನಮ್ಮ ಕಡೆ ಕೆರೆ ಅಂದರೆ ಎಲ್ಲವೂ ಕಟ್ಟಿದ್ದೇ ತಾನೆ.

ಮನವಿ ಯಾರಿಗೆ ಅಂದರೆ, ಕೆರೆ ಯಾರದು ಅನ್ನುವುದರ ಮೇಲೆ. ಅಚ್ಚುಕಟ್ಟು (ಕೆರೆ ನೀರು ಹಾಯುವ ಜಮೀನು) 40 ಹೆಕ್ಟೇರಿಗಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆ. ಕಮ್ಮಿ ಇದ್ದರೆ ಜಿಲ್ಲಾ ಪಂಚಾಯಿತಿ ಕಡೆಯವರು. ಜಮೀನಿನ ವಿಷಯ ತಹಶೀಲ್ದಾರ್, ಅವರ ಮೇಲೆ ಎಸಿ (ಉಪವಿಭಾಗಾಧಿಕಾರಿ), ಡಿಸಿ (ಜಿಲ್ಲಾಧಿಕಾರಿ). ಎಲ್ಲರಿಗೂ ಒಂದೊಂದು ಪ್ರತಿ, ಎಲ್ಲದಕ್ಕೂ ಸ್ವೀಕೃತಿ ಮುದ್ರೆ. ಮುದ್ರೆ ಇಲ್ಲದ ಅರ್ಜಿ ಕೊಟ್ಟಿದ್ದಕ್ಕೆ ಲೆಕ್ಕವೇ ಇಲ್ಲ.

ನಂದಿಹುಡುಗ (ಚಿಕ್ಕಬಳ್ಳಾಪುರ)

ಎಲ್ಲರೂ ತಡೆಯೋದು ಹೇಗೆ ಅಂತಲೇ ಮಾತಾಡುತ್ತಿದ್ದೀರಿ. ಸಿಟ್ಟಾಗಬೇಡಿ ಅಕ್ಕ, ಇನ್ನೊಂದು ಕಡೆಯೂ ಇದೆ. ನಮ್ಮ ಊರಿನ ಹುಡುಗರು ಬೆಳಗಿನ ಜಾವ ಎದ್ದು ಕಂಪನಿ ಬಸ್ ಹಿಡಿದು ದೇವನಹಳ್ಳಿ ಏರ್‌ಪೋರ್ಟಿಗೆ ಟ್ರಾಲಿ ತಳ್ಳಲು ಹೋಗುತ್ತಾರೆ. ನಂದಿ ಬೆಟ್ಟಕ್ಕೆ, ಈಶಾ ಕೇಂದ್ರಕ್ಕೆ ಅಂತ ಬರುವ ಕಾರುಗಳು ವೀಕೆಂಡಿನಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಆ ಜನ ನಮ್ಮ ಊರಲ್ಲಿ ನಿಂತು ಎರಡು ಕಾಸು ಖರ್ಚು ಮಾಡಿದರೆ ತಪ್ಪೇನು? ನಾನು ಸ್ವಂತ ಒಂದು ಚಿಕ್ಕ ಹೋಟೆಲ್ ಇಟ್ಟುಕೊಂಡಿದ್ದೇನೆ, ಬರೀ ಆ ಕಾರುಗಳಿಂದಲೇ ನಡೆಯುತ್ತೆ. ತೋಪು ಈಗ ಹೇಗಿದೆ ಅಂತ ಅದನ್ನೂ ಹೇಳಿ. ರಾತ್ರಿ ಕುಡಿದು ಬಾಟಲಿ ಒಡೆಯುವವರು ಇಲ್ವಾ? ಪಾರ್ಕ್ ಆದರೆ ಲೈಟ್ ಆದರೂ ಬರುತ್ತೆ.

ರೇಷ್ಮೆನೂಲು

ಹಳೇಚೈನು ಸಾರ್, ತುಂಬಾ ಉಪಕಾರ ಆಯಿತು. ಟ್ರಂಕು ಹುಡುಕಿಸುವ ಕೆಲಸ ಶುರುವಾಗಿದೆ.

ನಂದಿಹುಡುಗ ಅವರೇ, ಬಾಟಲಿ ಒಡೆಯುವವರು ಇದ್ದಾರೆ, ಸುಳ್ಳು ಹೇಳಲ್ಲ. ಯುಗಾದಿ ಹಿಂದಿನ ದಿನ ಹೆಂಗಸರೆಲ್ಲ ಸೇರಿ ಗಾಜು ಆಯುತ್ತೇವೆ, ಗೋಣಿಚೀಲ ತುಂಬುತ್ತೆ. ಲೈಟು ಬೇಕು, ನಲ್ಲಿ ಬೇಕು, ಹೆಂಗಸರಿಗೆ ಒಂದು ಶೌಚಾಲಯ ಬೇಕು. ಅದನ್ನು ಪಂಚಾಯಿತಿಯೇ ಮಾಡಿಸಬಹುದು, ಅದಕ್ಕೆ ಗೇಟು ಯಾಕೆ? ನೀವು ಹೋಟೆಲ್ ಇಟ್ಟಿರುವುದು ನಿಮ್ಮ ಜಾಗದಲ್ಲಿ. ಬೇಕಾದರೆ ರಸ್ತೆ ಆ ಬದಿ ಪಟ್ಟಾ (ಖಾಸಗಿ) ಜಮೀನು ಬೇಕಾದಷ್ಟಿದೆ, ಅಲ್ಲಿ ಫುಡ್ ಕೋರ್ಟ್ ಮಾಡಲಿ, ನಾವೇ ಹೋಗಿ ತಟ್ಟೆ ಇಡ್ಲಿ ತಿನ್ನುತ್ತೇವೆ.

‘ಊರವರಿಗೆ ಟಿಕೆಟ್ ಇರಲ್ಲ’ ಅನ್ನುವುದನ್ನು ನಾನು ನಂಬಲ್ಲ. ಗೇಟಿನಲ್ಲಿ ಕೂರುವ ಹುಡುಗ ಬೇರೆ ಊರಿನವನಾಗಿರುತ್ತಾನೆ. ಬೆವರು, ಹುಳದ ವಾಸನೆ ಹೊಡೆಯುವ ಸೀರೆಯಲ್ಲಿ ನಾವು ಗುಂಪಾಗಿ ಹೋದರೆ ಫುಡ್ ಕೋರ್ಟಿನಲ್ಲಿ ಕೂತವರು ಮೂಗು ಮುಚ್ಚಿಕೊಳ್ಳುತ್ತಾರೆ. ಒಂದು ದಿನ ಯಾರೂ ಏನೂ ಅನ್ನಲ್ಲ. ಮಾರನೇ ದಿನ ನಾವೇ ಹೋಗಲ್ಲ. ಹಾಗೆ ಹೋಗುತ್ತೆ ಸಾರ್ ಜಾಗ, ಯಾರೂ ಓಡಿಸಬೇಕಾಗಿಯೇ ಇಲ್ಲ.

ಪೆಡಲ್ ಬೋಟಿನ ಬಗ್ಗೆಯೂ ಒಂದು ಮಾತು. ನಮ್ಮ ಕೆರೆಗೂ ಮುಂದೆ ಪೈಪಿನ ನೀರು ಬಿಡುತ್ತಾರಂತೆ. ಅದು ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧ ಮಾಡಿ ಬಿಡುವುದು, ಅಂತರ್ಜಲ ಏರಲಿ ಅಂತ. ಮೂರನೇ ಹಂತವೂ ಮಾಡಿ ಅಂತ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಯ ಜನ ಎಷ್ಟು ವರ್ಷದಿಂದ ಕೇಳುತ್ತಿದ್ದಾರೆ. ಅಂಥ ನೀರಲ್ಲಿ ಮಕ್ಕಳನ್ನು ಕೂರಿಸಿ ಬೋಟ್ ಓಡಿಸುತ್ತಾರಾ?

ತುಮಕೂರುಮೇಡಂ (ತುಮಕೂರು)

ನಾನು ಶಾಲಾ ಶಿಕ್ಷಕಿ. ಈಗ ತುಮಕೂರು, ಮುಂಚೆ ಕಾರವಾರದಲ್ಲಿದ್ದೆ. ನೀವು ಸಮುದ್ರದ ಮಾತು ಎತ್ತಿದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾರವಾರದಲ್ಲಿ ಪೇಟೆಗೆ ಅಂಟಿಕೊಂಡೇ ಟ್ಯಾಗೋರ್ ಕಡಲತೀರ ಇದೆ. ರವೀಂದ್ರನಾಥ ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ರವೀಂದ್ರನಾಥರು ತರುಣರಾಗಿದ್ದಾಗ ಬಂದು ಉಳಿದಿದ್ದರು, ಹೆಸರು ಅದಕ್ಕೇ. ಆದರೆ ಊರವರು ಅದನ್ನು ಪ್ರೀತಿಸುವುದು ಟ್ಯಾಗೋರರಿಗಾಗಿ ಅಲ್ಲ. ಸಂಜೆ ಆದರೆ ಆಫೀಸ್ ಬಿಟ್ಟವರು, ಮುದುಕರು, ಮಕ್ಕಳು ಎಲ್ಲ ಅಲ್ಲೇ. ಕರಾವಳಿ ಉತ್ಸವ ನಡೆಯುವ ಮಯೂರವರ್ಮ ವೇದಿಕೆ ಅಲ್ಲೇ ಇದೆ. ಒಂದು ಕಡೆ ಮೀನುಗಾರರು ದೋಣಿ ಎಳೆದು ಬಲೆ ಒಣಗಿಸುತ್ತಾರೆ, ಪಕ್ಕದಲ್ಲೇ ಹುಡುಗರು ಫುಟ್‌ಬಾಲ್ ಆಡುತ್ತಾರೆ. ಅದಕ್ಕಿಂತ ದಕ್ಷಿಣಕ್ಕಿದ್ದ ಎಷ್ಟೋ ತೀರಗಳು ನೌಕಾಪಡೆಯ ಸೀಬರ್ಡ್ ಯೋಜನೆಗೆ ಹೋಗಿವೆ. ಹಾಗಾಗಿ ಪೇಟೆಯವರಿಗೆ ಇದರ ಮೇಲೆ ಜೀವ.

ಕಾರವಾರದ ಬೈತಖೋಲ್ ಬಂದರನ್ನು ಕೇಂದ್ರದ ಸಾಗರಮಾಲಾ ಬಂದರು ಯೋಜನೆಯಲ್ಲಿ ವಿಸ್ತರಿಸುವ ಕೆಲಸ ಈ ತೀರದ ಕಡೆಗೆ ಬಂದಾಗ, 2020ರ ಜನವರಿಯಲ್ಲಿ ಮೀನುಗಾರರು ಬೀದಿಗೆ ಇಳಿದರು. ಹೆಂಗಸರು ಮುಂದೆ ಇದ್ದರು. ಪೇಟೆ ಬಂದ್ ಆಯಿತು. ವ್ಯಾಪಾರಿಗಳು, ಆಟೋದವರು ಎಲ್ಲ ಜೊತೆಗೆ ಬಂದರು. ವಿಷಯ ಹೈಕೋರ್ಟಿಗೆ ಹೋಯಿತು, ಕೆಲಸಕ್ಕೆ ತಡೆ ಬಿತ್ತು.

ನನಗೆ ಅಲ್ಲಿ ಕಂಡಿದ್ದು ಏನೆಂದರೆ, ತೀರದಿಂದ ಹೊಟ್ಟೆ ತುಂಬುವವರೂ ತೀರಕ್ಕೆ ಗಾಳಿಗೆ ಬರುವವರೂ ಒಂದಾಗಿದ್ದರು. ಬರೀ ವಾಕಿಂಗ್ ಮಾಡುವವರು ಕೂಗಿದ್ದರೆ ‘ಬೇರೆ ಕಡೆ ವಾಕ್ ಮಾಡಿ’ ಅನ್ನುತ್ತಿದ್ದರು. ಬರೀ ಮೀನುಗಾರರು ಕೂಗಿದ್ದರೆ ಪರಿಹಾರದ ಮಾತಾಡಿ ಮುಗಿಸುತ್ತಿದ್ದರು. ನಿಮ್ಮಲ್ಲಿಯೂ ಹಾಗೇ ನೋಡಿ ಅಕ್ಕ. ರೀಲಿಂಗ್ ಹೆಂಗಸರು, ವಾಲಿಬಾಲ್ ಹುಡುಗರು ಸರಿ. ಕುರಿ ಮೇಯಿಸುವವರು ಯಾರು? ಹುಣಸೆ ಫಸಲು ಹಿಡಿಯುವವರು ಯಾರು? ಕೆರೆಯ ಮೀನು ಹರಾಜು ಹಿಡಿದವರು? ಗಂಗಮ್ಮನ ಪೂಜಾರಿ? ಅಚ್ಚುಕಟ್ಟಿನ ರೈತರು? ಕೆರೆ ನೀರು ಬಿಡುತ್ತಿದ್ದ ಹಳೇ ನೀರುಗಂಟಿಗಳ ಮನೆಯವರು ಇನ್ನೂ ಇದ್ದರೆ ಅವರನ್ನು ಬಿಡಲೇಬೇಡಿ. ಎಲ್ಲರ ಸಹಿ ಒಂದೇ ಹಾಳೆಯಲ್ಲಿ ಬರಲಿ, ಹೆಸರಿನ ಮುಂದೆ ಆ ಜಾಗದಲ್ಲಿ ಅವರು ಏನು ಮಾಡುತ್ತಾರೆ ಅಂತ ಒಂದು ಸಾಲು ಇರಲಿ.

ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಕಡಲತೀರಕ್ಕೆ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ಅಂತ ಕೇಂದ್ರದ ನಿಯಮ ಇದೆ, 1991ರಿಂದ. ಆಮೇಲೆ 2011ರಲ್ಲಿ ಒಂದು ಸಲ, 2019ರಲ್ಲಿ ಒಂದು ಸಲ ಬದಲಾಗಿದೆ, ಸಡಿಲವೂ ಆಗಿದೆ. ಆದರೂ ಉಬ್ಬರದ ಗೆರೆಯಿಂದ ಲೆಕ್ಕ ಹಾಕಿ ಇಲ್ಲಿ ಕಟ್ಟಬಾರದು ಅನ್ನಲು ಕೈಯಲ್ಲಿ ಏನೋ ಒಂದು ಇರುತ್ತೆ. ಬಯಲುಸೀಮೆಯ ಕೆರೆಗೆ ಅದು ಬರಲ್ಲ. ಹಾಗಾಗಿ ಹಳೇಚೈನು ಅವರು ಹೇಳಿದ ಕಂದಾಯದ ಕಾಗದಗಳೇ ನಿಮಗೆ ಮುಖ್ಯ.

ಕೋರ್ಟಿನ ಮಾತು ಬಂದರೆ ಎರಡು ತೀರ್ಪು ವಕೀಲರಿಗೆ ನೆನಪಿಸಿ. ಒಂದು 1991ರದ್ದು, ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಅವರ ಪ್ರಕರಣ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದರು. ಅಕ್ಕಪಕ್ಕದ ನಿವಾಸಿಗಳು ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಗೆದ್ದರು. ಅಲ್ಲಿ ಬರುತ್ತಿದ್ದುದು ಆಸ್ಪತ್ರೆ, ಫುಡ್ ಕೋರ್ಟ್ ಅಲ್ಲ. ಆದರೂ ಪಾರ್ಕೇ ಗೆದ್ದಿತು. ಇನ್ನೊಂದು 2011ರ ಜನವರಿಯ ಜಗಪಾಲ್ ಸಿಂಗ್ ಪ್ರಕರಣ. ಪಂಜಾಬಿನ ಪಟಿಯಾಲ ಜಿಲ್ಲೆಯ ಒಂದು ಹಳ್ಳಿಯಲ್ಲಿ ಊರ ಕೆರೆ ಮುಚ್ಚಿ ಮನೆ ಕಟ್ಟಿದ್ದರು. ಕೋರ್ಟು ತೆರವು ಮಾಡಿ ಅಂದಿದ್ದಷ್ಟೇ ಅಲ್ಲ, ಊರೊಟ್ಟಿನ ಜಾಗಗಳ ಒತ್ತುವರಿ ತೆಗೆಸಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕು ಅಂತಲೂ ಹೇಳಿತು. ನಿಮ್ಮದು ಹಳ್ಳಿ, ಕೆರೆ, ತೋಪು. ನೇರ ಹೊಂದುತ್ತೆ.

ನಂದಿಹುಡುಗ ಅವರು ಹೇಳಿದ್ದೂ ಪೂರ್ತಿ ತಳ್ಳಿಹಾಕುವ ಮಾತಲ್ಲ. ನಮ್ಮ ತುಮಕೂರಿನ ಅಮಾನಿಕೆರೆ ದಡದಲ್ಲಿ ಪಾರ್ಕು, ವಾಕಿಂಗ್ ದಾರಿ ಆಗಿದೆ, ಜನ ಹೋಗುತ್ತಾರೆ, ನಾನೂ ಹೋಗುತ್ತೇನೆ. ಅದು ದೊಡ್ಡ ನಗರದ ಕೆರೆ. ಹಳ್ಳಿಯ ತೋಪಿಗೆ ಅದೇ ಅಂಗಿ ಹೊಲಿಸಿದರೆ ಹೇಗೆ? ಇನ್ನು ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆ ಬಸ್ ಸ್ಟ್ಯಾಂಡ್ ಆಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯಿತು. ಅಲ್ಲಿಯೂ ‘ಊರಿಗೆ ಒಳ್ಳೆಯದು’ ಅಂತಲೇ ಮಾಡಿದ್ದು.

ನಂದಿಹುಡುಗ

ರಸ್ತೆ ಆ ಬದಿ ಪಟ್ಟಾ ಜಮೀನಿನ ರೇಟ್ ಎಷ್ಟಿದೆ ಗೊತ್ತಾ ಅಕ್ಕ? ಅದಕ್ಕೇ ಅವರು ತೋಪಿನ ಮೇಲೆ ಕಣ್ಣು ಹಾಕಿರುವುದು. ಸರಿ ಬಿಡಿ, ಗೇಟಿನ ಮಾತು ಒಪ್ಪಿದೆ. ಗ್ರಾಮಸಭೆ ಯಾವಾಗ ಅಂತ ಕೇಳಿ, ಅಲ್ಲಿ ಎತ್ತಿ. ನಮ್ಮ ಊರಲ್ಲಿ ಗ್ರಾಮಸಭೆ ಅಂದರೆ ಸಹಿ ಪುಸ್ತಕ ಮನೆ ಮನೆಗೆ ಬರುತ್ತೆ, ಸಭೆ ಮಾತ್ರ ಆಗಲ್ಲ. ನಿಮ್ಮಲ್ಲಿ ಹಾಗೆ ಆಗದಂತೆ ನೋಡ್ಕೊಳ್ಳಿ.

ರೇಷ್ಮೆನೂಲು

ಕೆಲವು ವಾರ ಆಯಿತು, ಏನಾಯಿತು ಅಂತ ಕೇಳಿ ಮೆಸೇಜ್ ಹಾಕಿದವರಿಗೆಲ್ಲ ಇಲ್ಲೇ ಬರೆಯುತ್ತೇನೆ.

ಪಹಣಿಯಲ್ಲಿ ‘ಸರ್ಕಾರಿ ಗುಂಡುತೋಪು’ ಅಂತಲೇ ಇದೆ. ಗ್ರಾಮ ನಕ್ಷೆಯ ನಕಲು ಸಿಕ್ಕಿತು, ಮರದ ಗುರುತು ಇದೆ ಸಾರ್, ನೀವು ಹೇಳಿದ ಹಾಗೇ. ಗಂಗಮ್ಮನ ಗುಡಿ ಬೇರೆ ನಂಬರಿನಲ್ಲಿದೆ. ಗುತ್ತಿಗೆ ನಡಾವಳಿಯ ಪ್ರತಿಯೂ ಬಂತು. ಅದರಲ್ಲಿ ಬರೆದಿರುವುದು ಗುಡಿಯ ನಂಬರ್! ಅದು ಬರೀ ಕೆಲವು ಗುಂಟೆ. ಕಂಬ ರಾಶಿ ಹಾಕಿರುವುದು ತೋಪಿನಲ್ಲಿ.

ಹುಣಸೆ ರಸೀತಿ ನಮ್ಮ ಬೀದಿಯ ಒಬ್ಬ ಅಜ್ಜಿ ಮನೆಯಲ್ಲೇ ಸಿಕ್ಕಿತು. ತಾತ ಫಸಲು ಹಿಡಿಯುತ್ತಿದ್ದರಂತೆ. ಅಕ್ಕಿ ಡಬ್ಬದೊಳಗೆ, ಮದುವೆ ಲಗ್ನಪತ್ರಿಕೆ ಜೊತೆ ಮಡಚಿ ಇಟ್ಟಿದ್ದಾರೆ. ಇಲಿ ಒಂದು ಮೂಲೆ ತಿಂದಿದೆ, ಆದರೆ ‘ಕೆರೆ ಮಗ್ಗುಲ ಗುಂಡುತೋಪು’ ಅನ್ನುವ ಸಾಲು ಮತ್ತೆ ಮುದ್ರೆ ಚೆನ್ನಾಗಿದೆ. ಅಜ್ಜಿ ಅದನ್ನು ಕೊಡಲು ಒಪ್ಪಲಿಲ್ಲ. ಜೆರಾಕ್ಸ್ ಅಂಗಡಿಗೆ ತಾನೇ ಜೊತೆಗೆ ಬಂದು, ಯಂತ್ರದ ಮುಚ್ಚಳ ತೆಗೆಯುವವರೆಗೂ ಪಕ್ಕದಲ್ಲೇ ನಿಂತಿತ್ತು.

ಸಹಿ ಹಾಳೆ ಮೇಡಂ ಹೇಳಿದ ಹಾಗೇ ಮಾಡಿದೆವು. ಕುರಿಯವರು ಮೊದಲು ಬರಲಿಲ್ಲ, ‘ನಮ್ಮ ಹೆಸರು ಬರೆದರೆ ನಾಳೆ ಕುರಿ ಬಿಡಲ್ಲ ಅಂತಾರೆ’ ಅಂತ ಹೆದರಿದರು. ಗುಡಿಯ ನಂಬರ್ ವಿಷಯ ಗೊತ್ತಾದ ಮೇಲೆ ಪೂಜಾರಿ ಮನೆಯವರು ಬಂದರು, ಅವರ ಹಿಂದೆ ಎಲ್ಲರೂ ಬಂದರು. ಗ್ರಾಮಸಭೆಯಲ್ಲಿ ಹೆಂಗಸರು ಎದ್ದು ಮಾತಾಡಿದೆವು. ತೋಪು ತೋಪಾಗೇ ಇರಲಿ, ಎರಡು ಲೈಟು, ಒಂದು ನಲ್ಲಿ, ಶೌಚಾಲಯ ಸಾಕು ಅಂತ ನಡಾವಳಿಯಲ್ಲಿ ಬರೆಸಿದ್ದೇವೆ. ಬರೆಯುವಾಗ ಪಕ್ಕದಲ್ಲೇ ನಿಂತಿದ್ದೆವು. ಗುತ್ತಿಗೆ ಹಿಡಿದವರು ಸುಮ್ಮನಾಗಿಲ್ಲ. ಕಂಬಗಳೂ ಹೋಗಿಲ್ಲ.

ತಹಶೀಲ್ದಾರರು ತೋಪಿನ ಹದ್ದುಬಸ್ತು (ಅಳೆದು ಗಡಿ ಗುರುತಿಸುವುದು) ಮಾಡಿಸಲು ಬರೆದಿದ್ದಾರೆ. ಬರುವ ಗುರುವಾರ ಸರ್ವೇಯರ್ ಬರುತ್ತಾರೆ. ಅವತ್ತು ನಾವು ಏನು ನೋಡಿಕೊಳ್ಳಬೇಕು ಸಾರ್? ನಾವೆಲ್ಲ ಕೆಲಸಕ್ಕೆ ರಜೆ ಹಾಕುತ್ತಿದ್ದೇವೆ.

ಹಳೇಚೈನು

ಒಳ್ಳೆಯದಾಯಿತಮ್ಮ. ಗುಡಿ ನಂಬರಿನದು ನಾನು ಅಂದುಕೊಂಡಿದ್ದೆ.

ಗುರುವಾರ ಗುಂಪು ಜಾಸ್ತಿ ಬೇಡ. ಗಲಾಟೆ ಆದರೆ ಸರ್ವೇಯರ್ ಚೀಲ ಎತ್ತಿಕೊಂಡು ಹೋಗುತ್ತಾನೆ, ಆಮೇಲೆ ದಿನಾಂಕ ಸಿಗುವುದು ಕಷ್ಟ. ಕೆರೆ ಕಡೆಯ ಗಡಿ ಕಲ್ಲು ಎಲ್ಲಿತ್ತು ಅಂತ ಗೊತ್ತಿರುವ ಇಬ್ಬರು ವಯಸ್ಸಾದವರನ್ನು ಮುಂದೆ ನಿಲ್ಲಿಸಿ. ಹಳೇ ಬಾಂದುಕಲ್ಲು ಜಾಲಿ ಪೊದೆಯಲ್ಲಿ ಹೂತಿರುತ್ತವೆ, ಬುಧವಾರವೇ ಪೊದೆ ಸವರಿಸಿ, ಆದರೆ ಕಲ್ಲು ಮುಟ್ಟಬೇಡಿ. ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗಿದೆಯಾ ಅಂತ ಮುಂಚೆಯೇ ಕೇಳಿ. ಹೋಗಿಲ್ಲದಿದ್ದರೆ ಅಳತೆಯನ್ನೇ ಆಮೇಲೆ ಬೀಳಿಸಬಹುದು.

ಅಳತೆ ಮುಗಿದ ಮೇಲೆ ಮಹಜರು (ಸ್ಥಳದಲ್ಲಿ ಕಂಡದ್ದರ ವರದಿ) ಬರೆದು ಸಹಿ ಕೇಳುತ್ತಾರೆ. ಅದನ್ನು ನೀವೇ ಜೋರಾಗಿ ಓದಿ ಎಲ್ಲರಿಗೂ ಕೇಳಿಸಿ. ಕಂಬಗಳ ರಾಶಿ ತೋಪಿನ ನಂಬರಿನೊಳಗಿದೆ ಅನ್ನುವ ಸಾಲು ಅದರಲ್ಲಿ ಇರಲೇಬೇಕು, ಇಲ್ಲದಿದ್ದರೆ ಬರೆಸಿ. ಎಲ್ಲಾದರೂ ಖಾಲಿ ಜಾಗ ಬಿಟ್ಟಿದ್ದರೆ ಅಡ್ಡಗೆರೆ ಎಳೆಸಿ, ಆಮೇಲೆ ಸಹಿ ಹಾಕಿ. ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ. ನಕ್ಷೆ ಕೈಗೆ ಬಂದಾಗ ಇಲ್ಲಿ ಹಾಕಿ, ನೋಡುತ್ತೇನೆ.